ಜೆರಾಕ್ಸ್, ಪಿಡಿಎಫ್, ಜಾತ್ರೆ ನಾಟಕ: ಕಾಪಿರೈಟ್ ಎಲ್ಲಿ ಬಿಡುತ್ತದೆ, ಎಲ್ಲಿ ಹಿಡಿಯುತ್ತದೆ

ಕೃತಿಸ್ವಾಮ್ಯ ಕಾಯ್ದೆ, 1957ರ ಬಗ್ಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರ. ವಿನಾಯಿತಿಗಳೆಲ್ಲ ಬಹುಮಟ್ಟಿಗೆ ಕಲಂ 52ರಲ್ಲಿವೆ. ಅಲ್ಲಿನ ಒಂದೊಂದು ಉಪಕಲಮೂ ಯಾರು, ಯಾರಿಗಾಗಿ, ಎಷ್ಟು ಎಂಬುದನ್ನು ಬೇರೆಬೇರೆಯಾಗಿ ಹೇಳುತ್ತದೆ. ‘ನಾವು ದುಡ್ಡು ತಗೊಳ್ಳೋದಿಲ್ಲ’ ಎಂಬ ಒಂದೇ ಮಾತು ಎಲ್ಲ ಕಡೆಯೂ ನಡೆಯುವುದಿಲ್ಲ.

ಪ್ರಶ್ನೆ: ನಮ್ಮ ಸಾರ್ವಜನಿಕ ಗ್ರಂಥಾಲಯದಲ್ಲಿ 1970ರ ದಶಕದಲ್ಲಿ ಅಚ್ಚಾದ ಒಂದು ಸ್ಥಳೀಯ ಇತಿಹಾಸದ ಪುಸ್ತಕವಿದೆ. ಇರುವುದು ಒಂದೇ ಪ್ರತಿ, ಹಾಳೆ ಮುಟ್ಟಿದರೆ ಮುರಿಯುತ್ತದೆ. ಜೆರಾಕ್ಸ್ ಮಾಡಿಸಿಡಬಹುದೇ? ಸ್ಕ್ಯಾನ್ ಮಾಡಿ ಕೇಳಿದವರಿಗೆ ಕಳಿಸಬಹುದೇ? — ಗ್ರಂಥಪಾಲಕರು, ದಾವಣಗೆರೆ

ಉತ್ತರ: ಜೆರಾಕ್ಸ್ ಮಾಡಿಸಬಹುದು, ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಲೂಬಹುದು, ಆದರೆ ಅದನ್ನು ಕಳಿಸುವಂತಿಲ್ಲ.

ಕಲಂ 52(1)(ಓ) ಪ್ರಕಾರ, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕದ ಮೂರು ಪ್ರತಿಗಳವರೆಗೆ ಮಾಡಿಕೊಳ್ಳಬಹುದು. ಪುಸ್ತಕ ಎಂದರೆ ಕಿರುಹೊತ್ತಿಗೆ, ನಕ್ಷೆ, ಸ್ವರಲಿಪಿಯ ಹಾಳೆ ಕೂಡ ಸೇರುತ್ತವೆ. ಕೆಲಸ ನಿಮ್ಮ ಆದೇಶದ ಮೇಲೆ ಆಗಬೇಕು, ಪ್ರತಿಗಳು ಗ್ರಂಥಾಲಯದ ಬಳಕೆಗೇ ಇರಬೇಕು. ನಾಲ್ಕನೆಯ ಪ್ರತಿ ಮಾಡಿ ಇನ್ನೊಂದು ಊರಿನ ಗ್ರಂಥಾಲಯಕ್ಕೆ ಕೊಟ್ಟರೆ ವಿನಾಯಿತಿ ಮುಗಿಯಿತು.

‘ಮಾರಾಟಕ್ಕೆ ಸಿಗುವುದಿಲ್ಲ’ ಎಂಬುದಕ್ಕೆ ನಿಮ್ಮ ಬಳಿ ದಾಖಲೆ ಇರಲಿ. ಮುಖಪುಟದ ಒಳಹಾಳೆಯ ಹಿಂಬದಿ ನೋಡಿ: ಪ್ರಕಾಶಕರ ವಿಳಾಸ, ಮುದ್ರಣದ ವರ್ಷ, ಹಕ್ಕು ಯಾರದ್ದು ಎಂಬ ಸಾಲು ಅಲ್ಲಿರುತ್ತದೆ. ಆ ವಿಳಾಸಕ್ಕೆ ಒಂದು ರಿಜಿಸ್ಟರ್ಡ್ ಪತ್ರ ಹಾಕಿ. ‘ವಿಳಾಸದಾರರಿಲ್ಲ’ ಎಂದು ಲಕೋಟೆ ವಾಪಸ್ ಬಂದರೆ ಒಡೆಯದೆ ಫೈಲಿಗೆ ಸೇರಿಸಿ. ಬೆಂಗಳೂರಿನ ಎರಡು ಮೂರು ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ವಿಚಾರಿಸಿದ ದಿನಾಂಕವನ್ನೂ ಬರೆದಿಡಿ. ಹಳೇ ಪುಸ್ತಕದ ಅಂಗಡಿಯಲ್ಲಿ ಎಲ್ಲೋ ಒಂದು ಪ್ರತಿ ಇದ್ದರೆ ಅದು ‘ಮಾರಾಟಕ್ಕೆ ಸಿಗುವುದು’ ಆಗುತ್ತದೆಯೇ ಎಂದು ಕಾಯ್ದೆ ಬಿಡಿಸಿ ಹೇಳಿಲ್ಲ. ಕೈಗೆಟಕುವ ಬೆಲೆಯಿದ್ದರೆ ಕೊಂಡುಬಿಡುವುದೇ ಒಳ್ಳೆಯದು, ಹಳೇ ಪುಸ್ತಕದ ಮೂಲಪ್ರತಿಗೆ ಜೆರಾಕ್ಸ್ ಎಂದೂ ಸಮವಲ್ಲ.

ಸ್ಕ್ಯಾನಿಗೆ ಆಧಾರ 52(1)(ಎನ್). ಕಾಗದದ ಪ್ರತಿ ಗ್ರಂಥಾಲಯದಲ್ಲಿ ಮೊದಲೇ ಇದ್ದರೆ, ಸಂರಕ್ಷಣೆಗಾಗಿ ಅದನ್ನು ಡಿಜಿಟಲ್ ರೂಪದಲ್ಲಿ ಶೇಖರಿಸಬಹುದು. ಇದು 2012ರ ತಿದ್ದುಪಡಿಯಲ್ಲಿ ಬಂದದ್ದು. ಅಲ್ಲಿರುವ ಮಾತು ‘ಶೇಖರಣೆ’ ಅಷ್ಟೇ. ವೆಬ್‌ಸೈಟಿಗೆ ಏರಿಸುವುದು, ಇಮೇಲ್ ಮಾಡುವುದು, ಗ್ರೂಪಿಗೆ ಹಾಕುವುದು ಸಾರ್ವಜನಿಕರಿಗೆ ತಲುಪಿಸಿದಂತೆ. ಅದು ಹಕ್ಕುದಾರರ ಅಧಿಕಾರ. ಸಂಶೋಧನೆಗೆ ಬಂದವರು ತಮಗೆ ಬೇಕಾದ ಕೆಲವು ಪುಟಗಳ ಫೋಟೊ ತೆಗೆದುಕೊಂಡರೆ ಅದಕ್ಕೆ 52(1)(ಎ), ಅಂದರೆ ಸ್ವಂತ ಅಧ್ಯಯನ ಮತ್ತು ಸಂಶೋಧನೆಗೆ ನ್ಯಾಯಯುತ ಬಳಕೆ, ಆಧಾರವಾಗುತ್ತದೆ. ಅದನ್ನು ತಡೆಯುವ ಗ್ರಂಥಾಲಯಗಳು ಸುಮ್ಮನೆ ಹೆದರಿ ಓದುಗರನ್ನು ವಾಪಸ್ ಕಳಿಸುತ್ತಿವೆ. ಇದು ನಿಲ್ಲಬೇಕು.

ಸ್ಕ್ಯಾನ್ ಮಾಡುವಾಗ ಮುರಿಯುವ ಹಾಳೆಯನ್ನು ತಾನೇ ಎಳೆದುಕೊಳ್ಳುವ ಯಂತ್ರಕ್ಕೆ ಕೊಡಬೇಡಿ. ಪುಸ್ತಕವನ್ನು ಗಾಜಿನ ಮೇಲೆ ಬೋರಲು ಹಾಕಿ ಒತ್ತಿದರೆ ಬೆನ್ನು ಸೀಳುತ್ತದೆ. ಎರಡು ಬದಿಗೂ ದಿಂಬಿಟ್ಟು ಅರ್ಧ ಮಾತ್ರ ತೆರೆದು ಮೇಲಿನಿಂದ ಚಿತ್ರ ತೆಗೆಯಿರಿ. 300 ಡಿಪಿಐ ಬೇಕೇಬೇಕು. ಹಳೇ ಮೊಳೆಯಚ್ಚಿನ ಸಣ್ಣ ಒತ್ತಕ್ಷರಗಳು 200ರಲ್ಲಿ ಮಸಿಯ ಚುಕ್ಕೆಯಾಗಿಬಿಡುತ್ತವೆ. ಕಪ್ಪುಬಿಳುಪು ಸೆಟ್ಟಿಂಗ್ ಬೇಡ, ಕಂದಿದ ಕಾಗದದಲ್ಲಿ ಹಿಂದಿನ ಪುಟದ ಮಸಿ ಮುಂದಕ್ಕೆ ಮೂಡಿ ಎರಡೂ ಸೇರಿಹೋಗುತ್ತವೆ. ಬಣ್ಣದಲ್ಲಿ ಅಥವಾ ಬೂದು ಛಾಯೆಯಲ್ಲಿ ತೆಗೆದು ಟಿಫ್ ಕಡತವಾಗಿ ಎರಡು ಕಡೆ ಇಡಿ.

ಒಂದು ಮಾತು: ನೀವು ಕಾಲೇಜಿನ ಗ್ರಂಥಪಾಲಕರಾಗಿದ್ದರೆ ಉತ್ತರ ಇಷ್ಟು ನಿಚ್ಚಳವಾಗಿರುತ್ತಿರಲಿಲ್ಲ. ‘ಸಾರ್ವಜನಿಕ ಗ್ರಂಥಾಲಯ’ ಎಂದರೇನೆಂದು ಈ ಕಾಯ್ದೆ ವ್ಯಾಖ್ಯಾನಿಸಿಲ್ಲ. ಹೊರಗಿನವರಿಗೂ ಸದಸ್ಯತ್ವ ಕೊಡುವ ಕಾಲೇಜು ಗ್ರಂಥಾಲಯಕ್ಕೆ ವಾದಿಸಲು ಜಾಗವಿದೆ. ವಿದ್ಯಾರ್ಥಿಗಳಿಗಷ್ಟೇ ಬಾಗಿಲು ತೆರೆಯುವಲ್ಲಿ ಆ ವಾದ ಗಟ್ಟಿಯಲ್ಲ.

ಪ್ರಶ್ನೆ: ನಾಲ್ಕೈದು ಪುಸ್ತಕಗಳಿಂದ ಒಂದೊಂದು ಅಧ್ಯಾಯ ಆರಿಸಿ, ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸೆಟ್ ಮಾಡಿಸಿ 80 ವಿದ್ಯಾರ್ಥಿಗಳಿಗೆ ಕೊಡುತ್ತೇನೆ. ಶೇಕಡಾ ಹತ್ತಕ್ಕಿಂತ ಹೆಚ್ಚು ನಕಲು ಮಾಡಬಾರದು ಎನ್ನುತ್ತಾರಲ್ಲ? — ಉಪನ್ಯಾಸಕರು, ಹೊಸದುರ್ಗ

ಉತ್ತರ: ನಮ್ಮ ಕಾಯ್ದೆಯಲ್ಲಿ ಬೋಧನೆಗೆ ಹತ್ತು ಪರ್ಸೆಂಟ್ ಎಂಬ ಮಿತಿ ಇಲ್ಲ. 52(1)(ಐ) ಪ್ರಕಾರ ಅಧ್ಯಾಪಕರು ಅಥವಾ ವಿದ್ಯಾರ್ಥಿ ಬೋಧನೆಯ ಸಂದರ್ಭದಲ್ಲಿ ಕೃತಿಯನ್ನು ನಕಲು ಮಾಡಬಹುದು. ಪ್ರಶ್ನೆಪತ್ರಿಕೆಗೂ ಉತ್ತರಕ್ಕೂ ಇದು ಅನ್ವಯಿಸುತ್ತದೆ.

ಇದರ ಮೇಲೆ ದೊಡ್ಡ ವ್ಯಾಜ್ಯವೇ ನಡೆಯಿತು. ದೆಹಲಿ ವಿಶ್ವವಿದ್ಯಾಲಯದ ಆವರಣದ ರಾಮೇಶ್ವರಿ ಫೋಟೊಕಾಪಿ ಅಂಗಡಿ ಮತ್ತು ವಿಶ್ವವಿದ್ಯಾಲಯದ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಆ್ಯಂಡ್ ಫ್ರಾನ್ಸಿಸ್ ಪ್ರಕಾಶಕರು 2012ರಲ್ಲಿ ದಾವೆ ಹೂಡಿದರು. 2016ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ದಾವೆ ವಜಾ ಮಾಡಿತು. ಡಿಸೆಂಬರಿನಲ್ಲಿ ವಿಭಾಗೀಯ ಪೀಠ, ನಕಲು ಎಷ್ಟು ಎಂಬುದನ್ನು ಪುಟದ ಲೆಕ್ಕದಿಂದಲ್ಲ, ಬೋಧನೆಗೆ ಬೇಕೇ ಎಂಬುದರಿಂದ ಅಳೆಯಬೇಕು ಎಂದಿತು. ಬೋಧನೆ ತರಗತಿಯ ಒಂದು ಗಂಟೆಗೆ ಸೀಮಿತವಲ್ಲ, ಅಂಗಡಿಯವನ ಕೈಯಲ್ಲಿ ಮಾಡಿಸಿದ ಮಾತ್ರಕ್ಕೆ ತಪ್ಪಾಗುವುದಿಲ್ಲ ಎಂಬುದೂ ಅಲ್ಲಿ ಸ್ಪಷ್ಟವಾಯಿತು. ಆದರೆ ಸೆಟ್‌ನಲ್ಲಿದ್ದ ಭಾಗಗಳು ನಿಜಕ್ಕೂ ಬೋಧನೆಗೆ ಬೇಕಿದ್ದವೇ ಎಂಬ ವಿಚಾರಣೆಗೆ ಪ್ರಕರಣ ವಾಪಸಾಗಿತ್ತು. 2017ರಲ್ಲಿ ಪ್ರಕಾಶಕರು ದಾವೆ ಹಿಂತೆಗೆದುಕೊಂಡದ್ದರಿಂದ ಆ ವಿಚಾರಣೆ ನಡೆಯಲಿಲ್ಲ.

ನಿಮಗೆ ಬೇಕಾದ ಪಾಠ ಇಲ್ಲೇ ಇದೆ. ಸೆಟ್‌ನ ಮೊದಲ ಹಾಳೆಯಲ್ಲಿ ಪ್ರತಿ ಅಧ್ಯಾಯದ ಎದುರು ಪಠ್ಯಕ್ರಮದ ಯಾವ ಘಟಕಕ್ಕೆ ಎಂದು ಬರೆಯಿರಿ, ಲೇಖಕರು, ಪುಸ್ತಕ, ಪುಟಸಂಖ್ಯೆ ಕೊಡಿ. ತರಗತಿಯಲ್ಲಿರುವಷ್ಟೇ ಸೆಟ್ ಮಾಡಿಸಿ. ಅಂಗಡಿಯವರು ಪುಟಕ್ಕೆ ಮಾಮೂಲಿ ದರ ತೆಗೆದುಕೊಳ್ಳಲಿ. ಮೂಲಪ್ರತಿಯನ್ನು ಅಲ್ಲೇ ಬಿಟ್ಟುಬಂದರೆ ದಾರಿಹೋಕರಿಗೂ ಸ್ಪೈರಲ್ ಹಾಕಿ ಮಾರುತ್ತಾರೆ, ಆಗ ಬೋಧನೆಯ ನಂಟು ಕಡಿದುಹೋಗುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಪುಸ್ತಕವನ್ನು ಇಡಿಯಾಗಿ ನಕಲು ಮಾಡಿಸಬೇಡಿ. ಬೋಧನೆಗೆ ಪೂರ್ತಿ ಪುಸ್ತಕ ಬೇಕಿತ್ತು ಎಂದು ಸಾಧಿಸುವುದು ಕಷ್ಟ. ಕನ್ನಡದ ಸಣ್ಣ ಪ್ರಕಾಶಕರಂತೂ ಕಾಲೇಜು ಮಾರಾಟವನ್ನೇ ನಂಬಿರುತ್ತಾರೆ.

ಅದೇ ಸೆಟ್ಟನ್ನು ‘ಅಭ್ಯಾಸ ಪುಸ್ತಕ’ ಎಂದು ಅಚ್ಚು ಹಾಕಿಸಿ ಮಾರಲು ಹೊರಟರೆ ಕಥೆಯೇ ಬೇರೆ. ಆಗ 52(1)(ಎಚ್) ಬರುತ್ತದೆ: ಸಂಕಲನದ ಬಹುಭಾಗ ಕಾಪಿರೈಟ್ ಇಲ್ಲದ ಬರಹವೇ ಆಗಿರಬೇಕು, ಹಕ್ಕಿರುವ ಕೃತಿಗಳಿಂದ ಚಿಕ್ಕ ಭಾಗಗಳನ್ನಷ್ಟೇ ತೆಗೆದುಕೊಳ್ಳಬೇಕು, ಒಬ್ಬರೇ ಲೇಖಕರ ಕೃತಿಗಳಿಂದ ಅದೇ ಪ್ರಕಾಶಕರು ಐದು ವರ್ಷಗಳಲ್ಲಿ ಎರಡಕ್ಕಿಂತ ಹೆಚ್ಚು ಭಾಗ ಪ್ರಕಟಿಸುವಂತಿಲ್ಲ.

ಪ್ರಶ್ನೆ: ನಮ್ಮೂರ ಜಾತ್ರೆಯಲ್ಲಿ ಪ್ರತಿವರ್ಷ ಸಾಮಾಜಿಕ ನಾಟಕ ಆಡುತ್ತೇವೆ. ನಾಟಕಕಾರರ ಅನುಮತಿ ಬೇಕೇ? — ಹೊಳಲ್ಕೆರೆ ತಾಲ್ಲೂಕು

ಉತ್ತರ: ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ಆಡಿದರೆ, ಅಥವಾ ಬಂದ ಹಣ ಧಾರ್ಮಿಕ ಸಂಸ್ಥೆಗೆ ಹೋದರೆ, 52(1)(ಎಲ್) ಪ್ರಕಾರ ಅನುಮತಿ ಬೇಡ. ಗುಡಿಯ ಜೀರ್ಣೋದ್ಧಾರಕ್ಕೆಂದು ಟಿಕೆಟ್ ಇಟ್ಟರೆ ಹಣ ಗುಡಿಗೆ ಸಂದಾಯವಾದ ರಸೀದಿ ಇರಲಿ. ತೊಡಕು ಬರುವುದು ಎರಡು ಕಡೆ. ಸ್ತ್ರೀಪಾತ್ರಕ್ಕೆ ಕಂಪನಿ ಕಲಾವಿದೆಯರನ್ನು ಸಂಭಾವನೆ ಕೊಟ್ಟು ಕರೆಸುವುದು ನಮ್ಮ ಕಡೆ ರೂಢಿ. ಪಾತ್ರಧಾರಿಗಳಲ್ಲಿ ಹೆಚ್ಚಿನವರು ಹಾಗೆ ಬಂದವರಾದರೆ ‘ಹವ್ಯಾಸಿ’ ಎನ್ನುವುದು ಕಷ್ಟವಾಗುತ್ತದೆ. ಇನ್ನೊಂದು ಯೂಟ್ಯೂಬ್. ವಿನಾಯಿತಿ ಇರುವುದು ಆ ರಾತ್ರಿಯ ಪ್ರದರ್ಶನಕ್ಕೆ. ಅದನ್ನು ಚಿತ್ರೀಕರಿಸಿ ಏರಿಸಲು ನಾಟಕಕಾರರ ಲಿಖಿತ ಒಪ್ಪಿಗೆ ಬೇಕು.

ಶಾಲೆ ಕಾಲೇಜಿನ ವಾರ್ಷಿಕೋತ್ಸವಕ್ಕೆ ಬೇರೆ ಉಪಕಲಂ ಇದೆ, 52(1)(ಜೆ). ಅಲ್ಲಿ ಆಡುವವರು ಸಿಬ್ಬಂದಿ, ವಿದ್ಯಾರ್ಥಿಗಳೇ ಆಗಿರಬೇಕು. ನೋಡುವವರೂ ಅವರು, ಪೋಷಕರು ಮತ್ತು ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರಷ್ಟೇ. ಊರಿಗೆಲ್ಲ ಕರಪತ್ರ ಹಂಚಿದರೆ ಈ ರಕ್ಷಣೆ ಇರುವುದಿಲ್ಲ.

ಪ್ರಶ್ನೆ: ಹಳೆಯ ಲೇಖಕರ ಕೃತಿ ಮರುಮುದ್ರಿಸಬೇಕು. ಯಾವ ವರ್ಷದಿಂದ ಲೆಕ್ಕ? ವಚನಗಳಿಗೂ ಕಾಪಿರೈಟ್ ಇದೆಯೇ? — ಚಿತ್ರದುರ್ಗ

ಉತ್ತರ: ಲೇಖಕರು ತೀರಿಕೊಂಡ ವರ್ಷಕ್ಕೆ 60 ಸೇರಿಸಿ, ಆ ವರ್ಷದ ಡಿಸೆಂಬರ್ 31ರವರೆಗೆ ಹಕ್ಕು ಇರುತ್ತದೆ. ಪುಸ್ತಕ ಅಚ್ಚಾದ ವರ್ಷ ಇಲ್ಲಿ ಲೆಕ್ಕಕ್ಕಿಲ್ಲ. ಬಿ.ಎಂ.ಶ್ರೀ 1946ರಲ್ಲಿ ನಿಧನರಾದರು, ಅವರ ಬರಹ ಮುಕ್ತ. ಡಿ.ವಿ.ಜಿ. 1975, ಹಾಗಾಗಿ 2035ರ ಕೊನೆಯವರೆಗೆ. ದುರ್ಗದ ಕಾದಂಬರಿಗಳ ತ.ರಾ.ಸು. 1984, ಅಂದರೆ 2044ರ ಕೊನೆಯವರೆಗೆ. ಅನಾಮಿಕ ಕೃತಿಗೂ ಲೇಖಕರ ಮರಣಾನಂತರ ಮೊದಲ ಸಲ ಅಚ್ಚಾದ ಕೃತಿಗೂ ಪ್ರಕಟಣೆಯ ವರ್ಷದಿಂದ 60.

ವಚನಗಳಿಗೆ ಯಾರ ಹಕ್ಕೂ ಇಲ್ಲ. ಆದರೆ ಸಂಪಾದಕರ ಮುನ್ನುಡಿ, ಟಿಪ್ಪಣಿ, ಅರ್ಥವಿವರಣೆ ಅವರದೇ ಕೃತಿ. ಫ.ಗು. ಹಳಕಟ್ಟಿಯವರು 1964ರಲ್ಲಿ ತೀರಿಕೊಂಡದ್ದರಿಂದ ಅವರ ಸ್ವಂತ ಬರಹ 2025ರ ಜನವರಿ 1ರಿಂದ ಮುಕ್ತವಾಗಿದೆ. ಇತ್ತೀಚಿನ ಪರಿಷ್ಕೃತ ಸಂಪುಟವನ್ನು ಪುಟವಿನ್ಯಾಸ, ಅಡಿಟಿಪ್ಪಣಿ ಸಮೇತ ಫೋಟೊ ತೆಗೆದು ಅಚ್ಚು ಹಾಕುವುದು ಬೇಡ. ಹಳೆಯ ಮುದ್ರಣ ಹಿಡಿದು ಹೊಸದಾಗಿ ಅಕ್ಷರ ಜೋಡಿಸಿ.

ಹಕ್ಕು ಇನ್ನೂ ಇದ್ದರೆ ವಾರಸುದಾರರಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಹಕ್ಕು ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ ಕಲಂ 19ರ ಪ್ರಕಾರ ಐದು ವರ್ಷ ಎಂದೇ ಅರ್ಥ. ಬಹಳ ಪ್ರಕಾಶಕರು ಇದನ್ನು ಗಮನಿಸುವುದಿಲ್ಲ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಪಿಡಿಎಫ್ ಅನ್ನು ಗ್ರಾಮದ ಗ್ರಂಥಾಲಯದ ಗ್ರೂಪಿನಲ್ಲಿ ಉಚಿತವಾಗಿ ಹಂಚುತ್ತೇವೆ. — ಜಗಳೂರು

ಉತ್ತರ: ಉದ್ದೇಶ ಒಳ್ಳೆಯದು, ಆದರೂ ಇದು ಉಲ್ಲಂಘನೆ. ಕಲಂ 63ರಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ ಇದೆ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲದಿದ್ದರೆ ನ್ಯಾಯಾಲಯ ಕಾರಣ ಬರೆದು ಶಿಕ್ಷೆ ಇಳಿಸಬಹುದು, ಅಷ್ಟೇ. ಆ ಕಡತಗಳನ್ನು ಅಳಿಸಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣ, ಭಾರತದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯದ ಕೊಂಡಿಗಳನ್ನು ಹಂಚಿ. ಸ್ಪರ್ಧಾ ಪುಸ್ತಕಗಳನ್ನು ಎರಡೆರಡು ಪ್ರತಿ ಕೊಂಡು ಗ್ರಂಥಾಲಯದಲ್ಲಿ ಕೂತು ಓದಲು ಇಡಿ.

ಪ್ರಶ್ನೆ: ದೃಷ್ಟಿ ಇಲ್ಲದ ಬಿ.ಎ. ವಿದ್ಯಾರ್ಥಿನಿಗಾಗಿ ಪಠ್ಯವನ್ನು ಓದಿ ರೆಕಾರ್ಡ್ ಮಾಡಬಹುದೇ? — ಚಳ್ಳಕೆರೆ

ಉತ್ತರ: ಖಂಡಿತ, ಇಡೀ ಪುಸ್ತಕವನ್ನೇ ಮಾಡಿ, ಯಾರ ಅನುಮತಿಯೂ ಬೇಡ. 52(1)(ಝಡ್‌ಬಿ) ಬ್ರೈಲ್, ಧ್ವನಿ, ದೊಡ್ಡಕ್ಷರ, ಇ-ಪಠ್ಯ ಎಲ್ಲಕ್ಕೂ ಅವಕಾಶ ಕೊಡುತ್ತದೆ. ಇದೇ ಆಶಯದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ಕಾಲೇಜು ಅಥವಾ ಸಂಸ್ಥೆ ಮಾಡಿಕೊಡುವುದಾದರೆ ತಯಾರಿಕೆಯ ಖರ್ಚು ಮಾತ್ರ ಪಡೆಯಬಹುದು, ಪ್ರತಿ ಅಂಗವಿಕಲರ ಬಳಕೆಯಲ್ಲೇ ಇರುವಂತೆ ನೋಡಿಕೊಳ್ಳಬೇಕು. ರೆಕಾರ್ಡ್ ಮಾಡುವಾಗ ಅಧ್ಯಾಯಕ್ಕೊಂದು ಕಡತ ಮಾಡಿ, ಪ್ರತಿ ಪುಟದ ಆರಂಭದಲ್ಲಿ ಪುಟಸಂಖ್ಯೆ ಹೇಳಿ, ಇಲ್ಲದಿದ್ದರೆ ತರಗತಿಯಲ್ಲಿ ‘42ನೇ ಪುಟ ತೆಗೆಯಿರಿ’ ಎಂದಾಗ ಆಕೆಗೆ ಹುಡುಕಲಾಗದು. ಕೋಷ್ಟಕ, ನಕ್ಷೆ ಬಂದಲ್ಲಿ ಬಿಟ್ಟುಹೋಗದೆ ಅದರಲ್ಲಿ ಏನಿದೆ ಎಂದು ವಿವರಿಸಿ.