ಹೆಡ್‌ಸೆಟ್ ಪಿನ್ನಿನ ಕಪ್ಪು ಗೆರೆ ಎಣಿಸಿ ನೋಡಿ

ಮೇಡಂ, ಮೊಬೈಲಿನ ಹೆಡ್‌ಸೆಟ್ಟನ್ನು ಡೆಸ್ಕ್‌ಟಾಪಿಗೆ ಹಾಕಿದರೆ ಪಾಠ ಕೇಳಿಸುತ್ತದೆ, ಮಗಳ ದನಿ ಮಾತ್ರ ಟೀಚರಿಗೆ ಕೇಳುತ್ತಿಲ್ಲ ಅಂದಿದ್ದೀರಿ ಅಲ್ವಾ? ಮೈಕ್ ಕೆಟ್ಟಿರಲಿಕ್ಕಿಲ್ಲ, ಸುಮ್ನೆ ಹೊಸದು ಕೊಳ್ಳಬೇಡಿ. ಪಿನ್ನಿನ ಮೇಲೆ 3 ಕಪ್ಪು ಗೆರೆ ಇದ್ದರೆ ಶಬ್ದ, ಮೈಕ್ ಎರಡೂ ಅದರಲ್ಲೇ ಇವೆ. ಆದರೆ ಡೆಸ್ಕ್‌ಟಾಪಿನಲ್ಲಿ ಹಸಿರು ತೂತು ಸ್ಪೀಕರಿಗೆ, ಗುಲಾಬಿ ಬಣ್ಣದ್ದು ಮೈಕಿಗೆ. ಹಸಿರಿಗೆ ಹಾಕಿದರೆ ಮೈಕಿಗೆ ದಾರಿಯೇ ಇಲ್ಲ. ಇಲ್ಲಿ ಮಂಡ್ಯದಲ್ಲಿ ನಮ್ಮ ಮನೆಯಲ್ಲೂ ಇದೇ ಆಗಿ ಎರಡು ದಿನ ಪರದಾಡಿದ್ದೆವು.

ಅಂಗಡಿಯಲ್ಲಿ ಶಬ್ದ, ಮೈಕ್ ಎರಡನ್ನೂ ಬೇರೆ ಮಾಡುವ 3.5 ಎಂಎಂ ಸ್ಪ್ಲಿಟರ್ ಕೇಳಿ. ಒಂದು ತೂತು, ಎರಡು ಪಿನ್ ಇರಬೇಕು: ತೂತಿಗೆ ಹೆಡ್‌ಸೆಟ್, ಪಿನ್ನುಗಳು ಹಸಿರಿಗೊಂದು, ಗುಲಾಬಿಗೊಂದು. ಒಂದು ಪಿನ್, ಎರಡು ತೂತಿನದು ಜಾಸ್ತಿ ಕೊಡುತ್ತಾರೆ, ಅದು ಬೇಡ. ಆಮೇಲೂ ದನಿ ಹೋಗದಿದ್ದರೆ ವಿಂಡೋಸ್ ಸೆಟ್ಟಿಂಗ್ಸ್‌ನ ಪ್ರೈವೆಸಿಯಲ್ಲಿ ಮೈಕ್ರೋಫೋನ್ ಆನ್ ಇದೆಯಾ ನೋಡಿ.