ಚಿಂತಾಮಣಿಯ ಮನೆ ಮುಂದೆ ಪಂಪಾಸ್ ಹುಲ್ಲು ಬೆಳೆಸಬಹುದಾ?

ನಿಮ್ಮ ಪ್ರಶ್ನೆ ಇದು: ಚಿಂತಾಮಣಿಯಲ್ಲಿ 30×40 ಸೈಟಿನಲ್ಲಿ ಹೊಸ ಮನೆ ಕಟ್ಟಿದ್ದೀರಿ. ಗೇಟಿನ ಪಕ್ಕ, ಸಂಪಿನ ಹತ್ತಿರ ಸ್ವಲ್ಪ ಮಣ್ಣಿನ ಜಾಗ ಉಳಿದಿದೆ. ಅಲ್ಲಿ ಪಂಪಾಸ್ ಹುಲ್ಲು ಹಾಕಬೇಕೆಂದು ಗುಲಾಬಿ ಮತ್ತು ನೀಲಿ ಬಣ್ಣದ ಬೀಜದ ಪ್ಯಾಕೆಟ್ ತರಿಸಿದ್ದೀರಿ. ನಮ್ಮ ಬಿಸಿಲಿಗೆ, ಬೋರ್ ನೀರಿಗೆ ಬರುತ್ತದಾ, ಆರೈಕೆ ಹೇಗೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಏನಾದರೂ ತೊಂದರೆಯಾ ಅಂತ ಕೇಳಿದ್ದೀರಿ.

ಬರುತ್ತದೆ. ಚೆನ್ನಾಗಿಯೇ ಬರುತ್ತದೆ. ನಮ್ಮದು ಕೋಲಾರದ ಕಡೆ. ತೋಟದ ಬೇಲಿ ಸಾಲಿನಲ್ಲಿ ಕೆಲವು ವರ್ಷಗಳಿಂದ ಇದನ್ನು ಸಾಕಿಕೊಂಡು ಬಂದಿದ್ದೇನೆ, ನನಗೆ ತುಂಬ ಇಷ್ಟದ ಗಿಡ. ಆದರೆ ನೀವು ಹೇಳಿದ ಜಾಗಕ್ಕೆ ಮಾತ್ರ ಹಾಕಬೇಡಿ. ಪಂಪಾಸ್ ವಿಷಯದಲ್ಲಿ ನೀರು, ಗೊಬ್ಬರ, ಹವೆ ಎಲ್ಲ ಆಮೇಲಿನ ಮಾತು. ಎಲ್ಲಿ ನೆಡುತ್ತೀರಿ ಅನ್ನುವುದೊಂದು ಸರಿಯಾದರೆ ಮುಕ್ಕಾಲು ಕೆಲಸ ಮುಗಿದಂತೆ.

ಯಾಕೆ ಅಂತ ಹೇಳುತ್ತೇನೆ. ಇದು ದಕ್ಷಿಣ ಅಮೆರಿಕದ ಅರ್ಜೆಂಟೀನಾ, ಉರುಗ್ವೆ, ದಕ್ಷಿಣ ಬ್ರೆಜಿಲ್ ಕಡೆಯ ಹುಲ್ಲು. ಸಸ್ಯಶಾಸ್ತ್ರದ ಹೆಸರು ಕೋರ್ಟಡೇರಿಯಾ ಸೆಲ್ಲೋಆನಾ. ನರ್ಸರಿಯಲ್ಲಿ ಕವರಿನಲ್ಲಿದ್ದಾಗ ಒಂದು ಹಿಡಿ ಮಜ್ಜಿಗೆ ಹುಲ್ಲಿನಷ್ಟು ಕಾಣುತ್ತದೆ. ಎರಡು ಮೂರು ವರ್ಷದಲ್ಲಿ ಬುಡದಲ್ಲಿ ತೆಂಡೆ, ಅಂದರೆ ಮರಿ, ಒಡೆದು ಒಡೆದು ಐದಾರು ಅಡಿ ಅಗಲದ ಪೊದೆಯಾಗುತ್ತದೆ. ಹೂವಿನ ಕುಚ್ಚು ಬಂದಾಗ ಎಂಟು ಹತ್ತು ಅಡಿ ಎತ್ತರ. 30×40 ಸೈಟಿನಲ್ಲಿ ಮನೆಗೂ ಕಾಂಪೌಂಡಿಗೂ ನಡುವೆ ಬಿಟ್ಟಿರುವುದೇ ಮೂರು ನಾಲ್ಕು ಅಡಿ. ಗೇಟ್ ತೆಗೆಯುವುದಕ್ಕೂ ಸ್ಕೂಟರ್ ಒಳಗೆ ತರುವುದಕ್ಕೂ ಅದೇ ದಾರಿ.

ಇನ್ನು ಎಲೆ. ಒಂದು ಎಲೆಯನ್ನು ಬುಡದಿಂದ ತುದಿಯ ಕಡೆಗೆ ಮೆಲ್ಲಗೆ ಸವರಿ ನೋಡಿ, ನುಣ್ಣಗಿರುತ್ತದೆ. ತುದಿಯಿಂದ ಬುಡದ ಕಡೆಗೆ ಸವರಿದರೆ ಬೆರಳು ಕೊಯ್ಯುತ್ತದೆ. ಅಂಚಿನುದ್ದಕ್ಕೂ ಸಣ್ಣ ಸಣ್ಣ ಹಲ್ಲುಗಳಿವೆ, ಬಿಸಿಲಿಗೆ ಹಿಡಿದರೆ ಕಣ್ಣಿಗೇ ಕಾಣುತ್ತವೆ. ಮರಳಿನಲ್ಲಿರುವ ಸಿಲಿಕಾ ಈ ಎಲೆಯಲ್ಲೂ ತುಂಬಿಕೊಂಡಿರುವುದರಿಂದ ಅಷ್ಟು ಗಡಸು. ಕಬ್ಬು ಕಡಿಯುವವರ ತೋಳಿನ ಮೇಲೆ ಗೀರು ಬೀಳುವುದನ್ನು ನೋಡಿದ್ದರೆ ನಿಮಗೆ ಅಂದಾಜಾಗುತ್ತದೆ, ಇದು ಅದಕ್ಕಿಂತ ಒಂದು ಕೈ ಮೇಲು. ಮಕ್ಕಳು ಓಡಾಡುವ ಗೇಟಿನ ಪಕ್ಕ ಎಲೆಗಳು ಬಾಗಿ ನಿಂತರೆ ಅವರ ಮುಖದ ಎತ್ತರಕ್ಕೇ ಬರುತ್ತವೆ. ವಿಷವಿಲ್ಲ, ದನ ಮೇಯ್ದರೂ ಏನೂ ಆಗುವುದಿಲ್ಲ. ಆದರೆ ಕಣ್ಣಿಗೆ ತಾಗುವ ಜಾಗದಲ್ಲಿ ಇದು ಬೇಡವೇ ಬೇಡ.

ಸಂಪಿನ ಪಕ್ಕವೂ ಬೇಡ. ಬೇರು ಆಳಕ್ಕೂ ಅಗಲಕ್ಕೂ ದಟ್ಟವಾಗಿ ಹಬ್ಬುತ್ತದೆ, ಬಲಿತ ಮೇಲೆ ಹಾರೆ ಹಾಕಿ ಮೀಟಿದರೂ ಸುಲಭಕ್ಕೆ ಏಳುವುದಿಲ್ಲ. ಒಣಗಿದ ಕುಚ್ಚಿನ ಹತ್ತಿಯಂಥ ಚೂರುಗಳು ಗಾಳಿಗೆ ಹಾರಿ ಸಂಪಿನ ಮುಚ್ಚಳದ ಸಂದಿಗೂ ಮಹಡಿ ಮೇಲಿನ ಟ್ಯಾಂಕಿಗೂ ಹೋಗಿ ಬೀಳುತ್ತವೆ.

ಹಾಗಾದರೆ ಎಲ್ಲಿ? ನಿಮ್ಮ ಕುಟುಂಬದ ಜಮೀನೋ ತೋಟವೋ ಇದ್ದರೆ ಅದರ ಬದುವಿನ ಮೇಲೆ, ನಡೆಯುವ ದಾರಿಯಿಂದ ಆರೇಳು ಅಡಿ ಬಿಟ್ಟು, ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವ ಕಡೆ. ಮನೆಯಲ್ಲೇ ಬೇಕು ಅಂದರೆ ಗಿಡ್ಡ ತಳಿ ಕೇಳಿ ತನ್ನಿ. ಪ್ಯುಮಿಲಾ ಅನ್ನುವುದು ಸಾಮಾನ್ಯವಾಗಿ ಕುಚ್ಚು ಸೇರಿ ನಾಲ್ಕೈದು ಅಡಿಯಲ್ಲಿ ನಿಲ್ಲುತ್ತದೆ. ಅದನ್ನು ಮಹಡಿಯ ಮೂಲೆಯಲ್ಲಿ ಅರ್ಧಕ್ಕೆ ಕೊಯ್ದ ಡ್ರಮ್ಮಿನಲ್ಲೋ ದೊಡ್ಡ ಸಿಮೆಂಟ್ ತೊಟ್ಟಿಯಲ್ಲೋ ಬೆಳೆಸಬಹುದು. ತಳಕ್ಕೆ ತೂತು ಇರಬೇಕು, ತೊಟ್ಟಿ ಮಕ್ಕಳ ಓಡಾಟದಿಂದ ದೂರ ಇರಬೇಕು. ತೊಟ್ಟಿಯಲ್ಲಿದ್ದರೆ ನೀರು ಜಾಸ್ತಿ ಕೇಳುತ್ತದೆ, ಅದೊಂದು ನೆನಪಿರಲಿ.

ಬೀಜದ ಪ್ಯಾಕೆಟ್ ಬಗ್ಗೆ. ನೀಲಿ ಪಂಪಾಸ್ ಅನ್ನುವುದೇ ಇಲ್ಲ. ಫೋಟೋದಲ್ಲಿ ಬಣ್ಣ ತುಂಬಿರುತ್ತಾರೆ, ಇಲ್ಲವೇ ಒಣಗಿದ ಕುಚ್ಚನ್ನು ಬಣ್ಣದಲ್ಲಿ ಅದ್ದಿರುತ್ತಾರೆ. ಮದುವೆ ಮಂಟಪದಲ್ಲಿ ಕಾಣುವ ಬಣ್ಣಬಣ್ಣದ ಕುಚ್ಚುಗಳೂ ಹಾಗೇ. ನಿಜವಾದ ಬಣ್ಣ ಬೆಳ್ಳಿಯ ಬಿಳಿ, ಕೆನೆ ಬಣ್ಣ, ಇನ್ನೊಂದು ತೀರಾ ತೆಳುವಾದ ಗುಲಾಬಿ. ನಿಮ್ಮ ಪ್ಯಾಕೆಟ್ಟಿನಿಂದ ಏನಾದರೂ ಮೊಳೆತರೂ ಅದು ಪಂಪಾಸೇ ಅನ್ನುವ ಖಾತ್ರಿ ಇಲ್ಲ. ಬೀಜದಿಂದ ಬಂದ ಗಿಡ ಕುಚ್ಚು ಬಿಡುವುದಕ್ಕೆ ಎರಡು ಮೂರು ವರ್ಷ ಬೇಕು. ಜೊತೆಗೆ ಇದರಲ್ಲಿ ಹೆಣ್ಣು ಗಿಡ ಬೇರೆ, ಪರಾಗ ಕೊಡುವ ಗಿಡ ಬೇರೆ. ಹೆಣ್ಣಿನ ಕುಚ್ಚು ರೇಷ್ಮೆಯಂತೆ ತುಂಬಿಕೊಂಡಿರುತ್ತದೆ, ಇನ್ನೊಂದರದ್ದು ತೆಳ್ಳಗೆ. ಬೀಜ ಹಾಕಿದಾಗ ಯಾವುದು ಬರುತ್ತದೆ ಎಂದು ಮೊದಲೇ ಗೊತ್ತಾಗುವುದಿಲ್ಲ. ಅದಕ್ಕೇ ಕುಚ್ಚು ಬಿಟ್ಟ ಪೊದೆಯನ್ನು ಕಣ್ಣಾರೆ ನೋಡಿ, ಅದರ ಬುಡದಿಂದ ಸೀಳಿದ ಸಸಿಯನ್ನೇ ತನ್ನಿ.

ಇಲ್ಲಿ ಇನ್ನೊಂದು ಮಾತು. ನಮ್ಮ ಕೆರೆ ಅಂಗಳದಲ್ಲಿ, ಕಾಲುವೆ ಬದಿಯಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಬಿಳಿ ಕುಚ್ಚು ಬಿಡುವ ಒಂದು ಕಾಡು ಕಬ್ಬಿನ ಜಾತಿಯ ಹುಲ್ಲು ಇದೆಯಲ್ಲ, ಕಬ್ಬಿನ ಸೂಲಂಗಿ ಥರವೇ ಕಾಣುತ್ತದೆ, ಕೆಲವರು ಅದನ್ನೇ ಪಂಪಾಸ್ ಅಂದುಕೊಂಡು ಕಿತ್ತು ತಂದು ಮನೆ ಮುಂದೆ ನೆಡುತ್ತಾರೆ. ಅದು ಬೇರೆ, ಸ್ಯಾಕರಮ್ ಸ್ಪಾಂಟೇನಿಯಮ್. ನಮ್ಮದೇ ನೆಲದ ಹುಲ್ಲು, ಕೊಯಮತ್ತೂರಿನಲ್ಲಿ ಕಬ್ಬಿನ ಹೊಸ ತಳಿ ಮಾಡುವಾಗ ಕಬ್ಬಿನ ಜೊತೆ ಸಂಕರ ಮಾಡಿದ್ದು ಇದನ್ನೇ. ಇದು ನೆಲದೊಳಗೆ ಗೆಣ್ಣು ಬಿಟ್ಟುಕೊಂಡು ಹರಿಯುತ್ತದೆ. ಒಮ್ಮೆ ಅಂಗಳಕ್ಕೆ ಬಂದರೆ ಕಾಂಪೌಂಡ್ ದಾಟಿ ಪಕ್ಕದ ಸೈಟಿಗೂ ಹೋಗುತ್ತದೆ. ಪಂಪಾಸ್ ಹಾಗೆ ನೆಲದೊಳಗೆ ಓಡುವುದಿಲ್ಲ, ನಿಂತಲ್ಲೇ ದಪ್ಪವಾಗುತ್ತದೆ.

ನೆಡುವುದಕ್ಕೆ ಮುಂಗಾರು ಒಳ್ಳೆಯದು. ಎರಡಡಿ ಉದ್ದ ಅಗಲ ಆಳದ ಗುಂಡಿ ತೆಗೆಯಿರಿ. ಹೊಸ ಮನೆಯ ಸುತ್ತ ಜಲ್ಲಿ, ಸಿಮೆಂಟ್ ಚೂರು, ಇಟ್ಟಿಗೆ ಪುಡಿ ಹೂತಿರುತ್ತದೆ, ಅಷ್ಟನ್ನೂ ಆರಿಸಿ ತೆಗೆದು ಹೊಲದ ಕೆಂಪು ಮಣ್ಣಿಗೆ ಒಂದು ಬುಟ್ಟಿ ಹಳೆಯ ತಿಪ್ಪೆ ಗೊಬ್ಬರ ಬೆರೆಸಿ ತುಂಬಿ. ನಮ್ಮ ಕೆಂಪು ಗರಸು ಮಣ್ಣು ಇದಕ್ಕೆ ಹೇಳಿ ಮಾಡಿಸಿದ್ದು, ನೀರು ನಿಲ್ಲುವುದಿಲ್ಲ. ಕೆರೆ ಗೋಡು ಹಾಕಬೇಡಿ, ಮಳೆಗಾಲದಲ್ಲಿ ಬುಡ ಕೊಳೆಯುತ್ತದೆ. ನಿಮ್ಮ ಕಡೆ ಕೋಳಿ ಗೊಬ್ಬರ, ರೇಷ್ಮೆ ಮನೆಯ ಹುಳದ ಹಿಕ್ಕೆ ಧಾರಾಳವಾಗಿ ಸಿಗುತ್ತದೆ, ಆಸೆಗೆ ಬಿದ್ದು ಸುರಿಯಬೇಡಿ. ಸಾರಜನಕ ಹೆಚ್ಚಾದರೆ ಎಲೆ ಮಾತ್ರ ಕೊಬ್ಬಿ ಬೆಳೆಯುತ್ತದೆ, ಕುಚ್ಚು ಕಡಿಮೆಯಾಗುತ್ತದೆ. ವರ್ಷಕ್ಕೊಮ್ಮೆ ಕತ್ತರಿಸಿದ ಮೇಲೆ ಒಂದು ಬುಟ್ಟಿ ಗೊಬ್ಬರ ಕೊಟ್ಟರೆ ಬೇಕಾದಷ್ಟಾಯಿತು.

ನೀರು: ಮೊದಲ ಬೇಸಿಗೆಯಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ಬುಡ ನೆನೆಯುವಷ್ಟು. ಎರಡನೇ ವರ್ಷದಿಂದ ಬೇಸಿಗೆಯಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ ಸಾಕು. ಬೋರ್ ನೀರಿನ ಗಡಸು, ಉಪ್ಪಿನ ಅಂಶ ತಡೆದುಕೊಳ್ಳುತ್ತದೆ, ಸಮುದ್ರದ ಗಾಳಿಗೇ ಜಗ್ಗದ ಗಿಡ. ವರ್ಷವಿಡೀ ಹರಿಯುವ ನದಿ ಇಲ್ಲದ ನಮ್ಮ ಜಿಲ್ಲೆಗಳಲ್ಲಿ ಒಂದು ಅಲಂಕಾರದ ಗಿಡಕ್ಕೆ ದಿನಾ ನೀರು ಹೊಯ್ಯುವುದು ನನಗಂತೂ ಸರಿ ಕಾಣುವುದಿಲ್ಲ. ಆ ಲೆಕ್ಕದಲ್ಲಿ ಹುಲ್ಲುಹಾಸಿಗಿಂತ ಇದು ಎಷ್ಟೋ ವಾಸಿ.

ವರ್ಷದಲ್ಲಿ ನಿಜವಾದ ಕೆಲಸ ಒಂದೇ, ಕತ್ತರಿಸುವುದು. ಶಿವರಾತ್ರಿ ಕಳೆದು ಯುಗಾದಿ ಬರುವುದರೊಳಗೆ ಮಾಡಿ ಮುಗಿಸಿ. ಮೊದಲು ಉದ್ದದ ಕೋಲಿನಿಂದ ಪೊದೆಯನ್ನು ನಾಲ್ಕೂ ಕಡೆಯಿಂದ ಬಡಿದು ಸ್ವಲ್ಪ ಹೊತ್ತು ಬಿಡಿ. ಇದನ್ನು ಖಂಡಿತ ಮರೆಯಬೇಡಿ, ಒಣ ಎಲೆಯ ಒಳಗೆ ಇಲಿ ಗೂಡು ಮಾಡುತ್ತದೆ, ಇಲಿ ಹುಡುಕಿಕೊಂಡು ಹಾವು ಬರುತ್ತದೆ. ಆಮೇಲೆ ಸೊಂಟದ ಎತ್ತರಕ್ಕೆ ಹಗ್ಗ ಸುತ್ತಿ, ಇಡೀ ಪೊದೆಯನ್ನು ಬಿಗಿಯಾಗಿ ಕಟ್ಟಿ. ಕಟ್ಟಿದ ಮೇಲೆ ನೆಲದಿಂದ ಒಂದಡಿ ಬಿಟ್ಟು ಕುಡುಗೋಲಿನಿಂದಲೋ ಮಚ್ಚಿನಿಂದಲೋ ಕೊಯ್ದರೆ ಎಲೆ ಚೆಲ್ಲಾಪಿಲ್ಲಿಯಾಗದೆ ಒಂದೇ ಹೊರೆಯಾಗಿ ಬೀಳುತ್ತದೆ. ದಪ್ಪ ಕೈಗವಸು, ತುಂಬು ತೋಳಿನ ಅಂಗಿ, ಕಣ್ಣಿಗೆ ಕನ್ನಡಕ ಇರಲೇಬೇಕು. ಕೂಲಿಗೆ ಯಾರನ್ನಾದರೂ ಕರೆದರೆ ಅವರಿಗೂ ಇವನ್ನು ಕೊಡಿ, ಬರಿಗೈಯಲ್ಲಿ ಮಾಡಿಸಬೇಡಿ. ಕೊಯ್ದ ಎಲೆ ಬೇಗ ಕೊಳೆಯುವುದಿಲ್ಲ, ಆದ್ದರಿಂದ ಮಾವಿನ ಮರದ ಬುಡಕ್ಕೆ ಮುಚ್ಚಿಗೆಯಾಗಿ ಹಾಸುವುದಕ್ಕೆ ಚೆನ್ನಾಗಿರುತ್ತದೆ.

ಬೆಂಕಿ ಹಚ್ಚಿ ಸುಡುವ ಪದ್ಧತಿ ಕೆಲವು ದೇಶಗಳಲ್ಲಿ ಇದೆ, ವಿಡಿಯೋ ನೋಡಿ ಮಾಡಲು ಹೋಗಬೇಡಿ. ಬೆಂಕಿಯ ಮಾತು ಬಂದದ್ದರಿಂದ ಹೇಳುತ್ತೇನೆ: ನಮ್ಮಲ್ಲಿ ಹಸ್ತ, ಚಿತ್ತಾ ಮಳೆಯ ಹೊತ್ತಿಗೆ ಕುಚ್ಚು ಪೂರ್ತಿ ಬಿಟ್ಟು ಒಣಗತೊಡಗುತ್ತದೆ. ಅದರ ಬೆನ್ನಿಗೇ ದೀಪಾವಳಿ. ಒಂದು ಕಿಡಿ ಸಾಕು. ನಾನು ಹಬ್ಬಕ್ಕೆ ಮುಂಚೆಯೇ ಎಲ್ಲ ಕುಚ್ಚುಗಳನ್ನೂ ಕೊಯ್ದುಬಿಡುತ್ತೇನೆ.

ಕೊಯ್ಯುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ, ದಯವಿಟ್ಟು ಗಮನವಿಟ್ಟು ಓದಿ. ಒಂದೊಂದು ಕುಚ್ಚಿನಲ್ಲಿ ಸಾವಿರಾರು ಬೀಜ, ದೊಡ್ಡದಾದರೆ ಲಕ್ಷದವರೆಗೂ ಆಗಬಹುದು, ಗಾಳಿಗೆ ಕಿಲೋಮೀಟರುಗಟ್ಟಲೆ ಹೋಗುತ್ತವೆ. 19ನೇ ಶತಮಾನದಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಕಡೆ ಮನೆಯ ಅಲಂಕಾರದ ಕುಚ್ಚಿಗಾಗಿ ಇದನ್ನು ಬೆಳೆದರು, ಇವತ್ತು ಅಲ್ಲಿ ಇದು ಕರಾವಳಿಯ ಕಳೆ. ನ್ಯೂಜಿಲೆಂಡಿನಲ್ಲಿ ದನದ ಮೇವಿಗೆ, ಗಾಳಿ ತಡೆಗೆ ಅಂತ ನೆಟ್ಟರು, ಈಗ ಮಾರುವುದಕ್ಕೇ ನಿಷೇಧ. ದಕ್ಷಿಣ ಆಫ್ರಿಕಾದ ಕಥೆ ನಮ್ಮವರು ತಿಳಿಯಬೇಕಾದ್ದು. ಜೋಹಾನ್ಸ್‌ಬರ್ಗ್ ಸುತ್ತಿನ ಚಿನ್ನದ ಗಣಿಗಳ ಮಣ್ಣಿನ ದಿಬ್ಬಗಳಿಂದ ದೂಳು ಏಳದಿರಲಿ ಎಂದು ಪಂಪಾಸ್ ನೆಟ್ಟರು. ದಿಬ್ಬ ದಾಟಿ ಹರಡಿತು, ಈಗ ಅಲ್ಲಿ ಹತೋಟಿಯಲ್ಲಿಡಲೇಬೇಕಾದ ಆಕ್ರಮಣಕಾರಿ ಗಿಡಗಳ ಪಟ್ಟಿಯಲ್ಲಿದೆ. ನಮ್ಮ ಕೆಜಿಎಫ್ ಗಣಿ ಮುಚ್ಚಿದ್ದು 2001ರಲ್ಲಿ, ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸೈನೈಡ್ ದಿಬ್ಬಗಳು ಇನ್ನೂ ಹಾಗೇ ನಿಂತಿವೆ, ಗಾಳಿ ಎದ್ದರೆ ಆ ದೂಳಿನಲ್ಲಿ ಬದುಕುವವರ ಕಷ್ಟ ನನಗೆ ಗೊತ್ತು. ಅಲ್ಲಿಗೆ ಪಂಪಾಸ್ ನೆಟ್ಟರೆ ಹೇಗೆ ಎಂದು ಯಾರಾದರೂ ಕೇಳಿದರೆ ಬೇಡ ಎಂದೇ ಹೇಳುತ್ತೇನೆ.

ಸುತ್ತಮುತ್ತ ಎರಡೂ ಬಗೆಯ ಗಿಡ ಇದ್ದರೆ ಮಾತ್ರ ಹೆಣ್ಣಿನ ಕುಚ್ಚಿನಲ್ಲಿ ಬೀಜ ಕಟ್ಟುತ್ತದೆ ನಿಜ. ಆದರೆ ಬಡಾವಣೆಯಲ್ಲಿ ಇನ್ನೊಬ್ಬರ ಮನೆಯಲ್ಲಿ ಯಾವುದಿದೆ ಎಂದು ಯಾರು ನೋಡಿಕೊಂಡು ಬರುತ್ತಾರೆ? ನಮ್ಮ ಕೆರೆಗಳ ಅಂಗಳ ತೇವವಾಗಿ, ಬಯಲಾಗಿ ಬಿದ್ದಿದೆ. ಈ ಬೀಜಕ್ಕೆ ಬೇಕಾದ್ದೇ ಅಂಥ ಜಾಗ. ಆದ್ದರಿಂದ ಕುಚ್ಚು ಹಿಂಜಿದ ಹತ್ತಿಯ ಹಾಗೆ ಬಿಡಿಬಿಡಿಯಾಗುವ ಮೊದಲೇ ಕೊಯ್ಯಿರಿ. ಒಣಗಿ ಉದುರುತ್ತಿರುವ ಕುಚ್ಚನ್ನು ತಿಪ್ಪೆಗೆ ಹಾಕಬೇಡಿ, ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡಿ.

ಚೆನ್ನಾದ ವಿಷಯ ಏನೆಂದರೆ ಹೂದಾನಿಗೂ ಅದೇ ಹದ ಬೇಕು. ಕುಚ್ಚು ಸಿಪ್ಪೆಯಿಂದ ಅರ್ಧ ಹೊರಗೆ ಬಂದು ಇನ್ನೂ ಮಿರಮಿರ ಹೊಳೆಯುತ್ತಿರುವಾಗ ಕೊಯ್ದು, ಸಿಪ್ಪೆ ಬಿಡಿಸಿ, ನೆರಳಿನಲ್ಲಿ ತಲೆಕೆಳಗಾಗಿ ಎರಡು ಮೂರು ವಾರ ತೂಗುಹಾಕಿ. ಒಣಗಿದ ಮೇಲೆ ಕೂದಲಿಗೆ ಹಾಕುವ ಸ್ಪ್ರೇ ತೆಳುವಾಗಿ ಹೊಡೆದರೆ ಉದುರುವುದಿಲ್ಲ, ವರ್ಷಗಟ್ಟಲೆ ಇಡಬಹುದು. ದೇವರ ಮನೆಯ ದೀಪದ ಹತ್ತಿರ ಮಾತ್ರ ಇಡಬೇಡಿ.

ನಾಲ್ಕೈದು ವರ್ಷಕ್ಕೆ ಪೊದೆಯ ನಡುಭಾಗ ಒಣಗಿ ಟೊಳ್ಳಾಗುತ್ತದೆ, ನಮ್ಮ ಕಡೆ ಗೆದ್ದಲೂ ಹಿಡಿಯುತ್ತದೆ. ಮುಂಗಾರಿನಲ್ಲಿ ಅಗೆದು ಹೊರಸುತ್ತಿನ ತೆಂಡೆಗಳನ್ನು ಬೇರು ಸಮೇತ ಸೀಳಿ ಬೇರೆ ಕಡೆ ನೆಡಿ. ಅದು ಬಿಟ್ಟರೆ ರೋಗ, ಹುಳ ಅಂತ ತಲೆಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ.

ಗೇಟಿನ ಪಕ್ಕದ ಜಾಗ ಖಾಲಿ ಬಿಡಲು ಮನಸ್ಸಿಲ್ಲದಿದ್ದರೆ, ಸಂಪಿನಿಂದ ದೂರದ ತುದಿಯಲ್ಲಿ ಲಾವಂಚ ನೆಡಿ. ನೆಟ್ಟಗೆ ನಿಲ್ಲುತ್ತದೆ, ಮಣ್ಣು ಹಿಡಿದಿಡುತ್ತದೆ, ನಾವು ಕೃಷಿ ಮಾಡುವ ದಕ್ಷಿಣದ ತಳಿ ಬೀಜದಿಂದ ಹರಡುವುದಿಲ್ಲ, ಬೇರನ್ನು ಕುಡಿಯುವ ನೀರಿನ ಹೂಜಿಗೆ ಹಾಕಬಹುದು. ಅದರ ಎಲೆಯ ಅಂಚೂ ಸ್ವಲ್ಪ ಒರಟೇ, ಆದರೆ ಪಂಪಾಸಿನಷ್ಟು ಅಲ್ಲ, ಸೊಂಟದೆತ್ತರಕ್ಕೆ ಆಗಾಗ ಕತ್ತರಿಸುತ್ತಾ ಇರಬಹುದು. ಬೀಜದ ಪ್ಯಾಕೆಟ್ಟಿನ ದುಡ್ಡು ಹೋದರೆ ಹೋಗಲಿ, ಅದನ್ನು ಬಿತ್ತಬೇಡಿ. ಯಾವ ಗಿಡ ಹುಟ್ಟುತ್ತದೋ ಗೊತ್ತಿಲ್ಲದ ಬೀಜವನ್ನು ನಮ್ಮ ಮಣ್ಣಿಗೆ ಹಾಕುವುದು ಬೇಡ. ಗಿಡ್ಡ ತಳಿ ಸಿಕ್ಕಿ ಮಹಡಿಯ ಮೇಲೆ ಇಡುವುದಾದರೆ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ತೊಟ್ಟಿ ಎಷ್ಟು ದೊಡ್ಡದು ಎಂದು ಬರೆಯಿರಿ, ಮಣ್ಣಿನ ಮಿಶ್ರಣ ಹೇಳುತ್ತೇನೆ.