ಸ್ಲ್ಯಾಬ್ ತಡವಾದರೂ ಸೆಂಟ್ರಿಂಗ್ ಬಿಚ್ಚುವ ತಾರೀಖು ಕದಲುತ್ತಿಲ್ಲ: ಎಂಎಸ್ ಪ್ರಾಜೆಕ್ಟ್

ಕೆಲಸದ ವೇಳಾಪಟ್ಟಿ ಹಾಕುವ ಎಂಎಸ್ ಪ್ರಾಜೆಕ್ಟ್ ಸಾಫ್ಟ್‌ವೇರಿನಲ್ಲಿ, ಸ್ಲ್ಯಾಬ್ ತಡವಾದರೂ ಸೆಂಟ್ರಿಂಗ್ (ಸ್ಲ್ಯಾಬಿಗೆ ಕೆಳಗೆ ಕೊಡುವ ತಾತ್ಕಾಲಿಕ ಆಧಾರ) ಬಿಚ್ಚುವ ತಾರೀಖು ಯಾಕೆ ಸರಿಯುತ್ತಿಲ್ಲ ಅಂತ ಕೇಳಿದ್ದೀರಿ. ಬಹುಶಃ ನಿಮ್ಮ ರಾಯಚೂರು ಗೋದಾಮಿನ ಟಾಸ್ಕ್‌ಗಳೆಲ್ಲ 'ಮ್ಯಾನ್ಯುಯಲಿ ಶೆಡ್ಯೂಲ್ಡ್'ನಲ್ಲೇ ಇವೆ. ಅಂದರೆ ತಾರೀಖು ಕೈಯಾರೆ ಇಟ್ಟಂತೆ. ಹಾಗಿದ್ದರೆ ಒಂದು ಕೆಲಸಕ್ಕೆ ಇನ್ನೊಂದರ ಲಿಂಕ್ ಕೊಟ್ಟಿದ್ದರೂ, ಹಿಂದಿನ ಕೆಲಸ ತಡವಾದಾಗ ತಾರೀಖು ತಾನಾಗಿ ಸರಿಯುವುದಿಲ್ಲ.

ಎಲ್ಲ ಸಾಲು ಸೆಲೆಕ್ಟ್ ಮಾಡಿ, 'ಟಾಸ್ಕ್' ಟ್ಯಾಬ್‌ನಲ್ಲಿ 'ಆಟೋ ಶೆಡ್ಯೂಲ್' ಒತ್ತಿ. ಆಮೇಲೆ ಸೆಂಟ್ರಿಂಗ್ ಬಿಚ್ಚುವ ಸಾಲಿನ 'ಪ್ರಿಡಿಸೆಸರ್ಸ್' (ಅದಕ್ಕೂ ಹಿಂದಿನ ಕೆಲಸ) ಕಾಲಂಗೆ ಹೋಗಿ. ಸ್ಲ್ಯಾಬ್ 4ನೇ ಸಾಲಾದರೆ '4ಎಫ್‌ಎಸ್+14ಇಡಿ' ಅಂತ ಇಂಗ್ಲಿಷ್ ಅಕ್ಷರದಲ್ಲಿ (4FS+14ed) ಟೈಪ್ ಮಾಡಿ. ಅಂದರೆ ಸ್ಲ್ಯಾಬ್ ಮುಗಿದು, ರಜೆಯೂ ಸೇರಿ 14 ದಿನ ಆದ ಮೇಲೆ ಈ ಕೆಲಸ ಶುರು. ಸುಮ್ನೆ 'ಡಿ' ಹಾಕಿದರೆ ರಜೆ ಬಿಟ್ಟು ಎಣಿಸುತ್ತದೆ. ಸಿಂಧನೂರಿನ ಕೆಲಸವೊಂದರಲ್ಲಿ ನಾನು ಹೀಗೇ ಮಾಡಿ, 14 ದಿನ ಹೋಗಿ ಹೆಚ್ಚುಕಡಿಮೆ 3 ವಾರ ಆಗಿತ್ತು. ಕಾಂಕ್ರೀಟಿಗೆ ಭಾನುವಾರ ರಜೆ ಇಲ್ಲ ಅಲ್ವಾ?

14 ಬರೀ ಉದಾಹರಣೆ. ಎಷ್ಟು ದಿನ ಬಿಡಬೇಕು ಅನ್ನುವುದು ಸ್ಲ್ಯಾಬಿನ ಸ್ಪ್ಯಾನ್ (ಆಧಾರಗಳ ನಡುವಿನ ದೂರ) ಮೇಲೂ ಇದೆ; ಅದನ್ನು ನೀವು ಬರೆದಿಲ್ಲ, ಇಂಜಿನಿಯರ್ ಹೇಳಿದ ದಿನ ಹಾಕಿ. 'ಸ್ಟಾರ್ಟ್' ಕಾಲಂನಲ್ಲಿ ಮಾತ್ರ ಕೈಯಾರೆ ತಾರೀಖು ಹಾಕಬೇಡಿ. ಹಾಕಿದರೆ, ಸ್ಲ್ಯಾಬ್ ಬೇಗ ಮುಗಿದರೂ ಆ ಕೆಲಸ ನೀವು ಹಾಕಿದ ತಾರೀಖಿಗಿಂತ ಮುಂಚೆ ಬರುವುದಿಲ್ಲ.